‘ಸರ್ಕಾರಿ ಮಾನ್ಯತೆ ಪಡೆದ ಫ್ಯಾಮಿಲಿ ಥೆರಪಿಸ್ಟ್’: ಅಂಥ ಲೈಸೆನ್ಸ್ ನಿಜಕ್ಕೂ ಇದೆಯೇ?

‘ಗಂಡ–ಹೆಂಡತಿ ಜಗಳವೇ? ಅತ್ತೆ–ಸೊಸೆ ಮನಸ್ತಾಪವೇ? ಮಕ್ಕಳು ಮಾತು ಕೇಳುತ್ತಿಲ್ಲವೇ? ಮೂರೇ ಸಿಟ್ಟಿಂಗಿನಲ್ಲಿ ಪರಿಹಾರ. ಸರ್ಕಾರಿ ಮಾನ್ಯತೆ ಪಡೆದ ಫ್ಯಾಮಿಲಿ ಥೆರಪಿಸ್ಟ್. ಈ ಮೆಸೇಜನ್ನು ಕಷ್ಟದಲ್ಲಿರುವ ಹತ್ತು ಮನೆಗೆ ತಲುಪಿಸಿ ಪುಣ್ಯ ಕಟ್ಟಿಕೊಳ್ಳಿ.’

ಈ ಧಾಟಿಯ ಜಾಹೀರಾತು ನಿಮ್ಮ ಊರಿನ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಕಳಿಸಿದವರ ಉದ್ದೇಶ ಒಳ್ಳೆಯದೇ ಇರುತ್ತದೆ. ಮನೆಯ ಗುಟ್ಟನ್ನು ಬೀದಿಗೆ ತರಬಾರದೆಂದು ನುಂಗಿಕೊಂಡು ಕೂತವರು ನಮ್ಮ ಸುತ್ತ ಎಷ್ಟೋ ಜನ ಇದ್ದಾರೆ. ಅವರಿಗೆ ಯಾರಾದರೂ ಸಿಗಲಿ ಎಂದೇ ನಾವು ಫಾರ್ವರ್ಡ್ ಒತ್ತುತ್ತೇವೆ. ಆದರೆ ಆ ಐದು ಪದಗಳನ್ನು, ಅಂದರೆ ‘ಸರ್ಕಾರಿ ಮಾನ್ಯತೆ ಪಡೆದ ಫ್ಯಾಮಿಲಿ ಥೆರಪಿಸ್ಟ್’ ಎನ್ನುವುದನ್ನು, ನಂಬಬಹುದೇ?

ಚುಟುಕಾಗಿ ಉತ್ತರ

ಭಾರತದಲ್ಲಿ ‘ಫ್ಯಾಮಿಲಿ ಥೆರಪಿಸ್ಟ್’ ಎಂಬ ಹೆಸರಿನ ಪ್ರತ್ಯೇಕ ಲೈಸೆನ್ಸ್ ಇಲ್ಲ. ಕಾನೂನು ಗುರುತಿಸುವುದು ಅದರ ಹಿಂದಿರುವ ವೃತ್ತಿಯನ್ನು: ಮನೋವೈದ್ಯ, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಮಾನಸಿಕ ಆರೋಗ್ಯ ನರ್ಸ್. ಇವರಲ್ಲಿ ಯಾರು ಬೇಕಾದರೂ ತರಬೇತಿ ಪಡೆದು ಕುಟುಂಬ ಚಿಕಿತ್ಸೆ ಮಾಡಬಹುದು. ಹಾಗಾಗಿ ಬೋರ್ಡಿನಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ‘ನಿಮ್ಮ ಮೂಲ ವೃತ್ತಿ ಯಾವುದು, ಯಾವ ಪರಿಷತ್ತಿನ ನೋಂದಣಿ ಇದೆ, ಕುಟುಂಬಗಳ ಜೊತೆ ಕೆಲಸ ಮಾಡಲು ಎಲ್ಲಿ ಕಲಿತಿರಿ’ ಎಂಬ ಮೂರು ಪ್ರಶ್ನೆಗಳೇ ಮುಖ್ಯ.

ಮೊದಲಿಗೆ, ಕುಟುಂಬ ಚಿಕಿತ್ಸೆ ಎಂದರೇನು?

ಮನೆಯಲ್ಲಿ ಜಗಳವಾದರೆ ಹಿರಿಯರು ಕೂತು ಬುದ್ಧಿ ಹೇಳುವುದು ನಮಗೆ ಹೊಸದಲ್ಲ. ಊರ ಯಜಮಾನರು, ಸೋದರಮಾವ, ಮದುವೆ ಮಾಡಿಸಿದವರು ಎಲ್ಲ ಸೇರಿ ‘ನೀನು ಸ್ವಲ್ಪ ತಗ್ಗು, ನೀನೂ ಸ್ವಲ್ಪ ತಗ್ಗು’ ಎಂದು ರಾಜಿ ಮಾಡಿಸುತ್ತಾರೆ. ಎಷ್ಟೋ ಸಲ ಅದು ಫಲ ಕೊಟ್ಟಿದೆ. ಆದರೆ ಅದು ಪಂಚಾಯ್ತಿ, ಚಿಕಿತ್ಸೆಯಲ್ಲ.

ಪಂಚಾಯ್ತಿ ‘ತಪ್ಪು ಯಾರದು’ ಎಂದು ಕೇಳುತ್ತದೆ. ಕುಟುಂಬ ಚಿಕಿತ್ಸೆ ‘ಈ ಮನೆಯಲ್ಲಿ ಒಬ್ಬರ ನಡವಳಿಕೆ ಇನ್ನೊಬ್ಬರನ್ನು ಹೇಗೆ ತಿರುಗಿಸುತ್ತಿದೆ’ ಎಂದು ನೋಡುತ್ತದೆ. ಗಂಡ ತಡವಾಗಿ ಬರುತ್ತಾನೆಂದು ಹೆಂಡತಿ ಕೂಗಾಡುತ್ತಾಳೆ, ಕೂಗಾಡುತ್ತಾಳೆಂದು ಗಂಡ ಇನ್ನೂ ತಡವಾಗಿ ಬರುತ್ತಾನೆ, ಇಬ್ಬರ ನಡುವೆ ಸಿಕ್ಕ ಮಗ ಶಾಲೆಗೆ ಹೋಗಲು ಹಠ ಮಾಡುತ್ತಾನೆ. ಕೊನೆಗೆ ‘ಹುಡುಗನಿಗೆ ಏನೋ ಆಗಿದೆ’ ಎಂದು ಅವನನ್ನೊಬ್ಬನನ್ನೇ ಕರೆತರುತ್ತಾರೆ. ತರಬೇತಿ ಪಡೆದ ಚಿಕಿತ್ಸಕರು ಮಗನನ್ನಷ್ಟೇ ಅಲ್ಲ, ಈ ಸುತ್ತನ್ನೇ ನೋಡುತ್ತಾರೆ. ಮೂರು ತಲೆಮಾರಿನ ನಕ್ಷೆ ಬರೆದು ಯಾರು ಯಾರಿಗೆ ಹತ್ತಿರ, ಯಾರ ಜೊತೆ ಮಾತು ಬಿಟ್ಟಿದೆ, ಮನೆತನದಲ್ಲಿ ಕುಡಿತ, ಆತ್ಮಹತ್ಯೆ ಅಥವಾ ಮಾನಸಿಕ ಕಾಯಿಲೆ ಇತ್ತೇ ಎಂದು ತಿಳಿದುಕೊಳ್ಳುತ್ತಾರೆ. ತೀರ್ಪು ಕೊಡುವುದಿಲ್ಲ.

ಇದು ಬರೀ ಮಾತಿನ ಸಮಾಧಾನವೂ ಅಲ್ಲ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಔಷಧದ ಜೊತೆಗೆ ಮನೆಯವರಿಗೂ ತಿಳಿವಳಿಕೆ ಮತ್ತು ತರಬೇತಿ ಕೊಟ್ಟರೆ ಕಾಯಿಲೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಮಾಡುವವರ ಕೈ ಪಳಗಿದ್ದರೆ ಒಳ್ಳೆಯದಾಗುತ್ತದೆ, ಪಳಗದಿದ್ದರೆ ಕೆಡುಕೂ ಆಗುತ್ತದೆ.

ಕಾನೂನು ಯಾರನ್ನು ಗುರುತಿಸುತ್ತದೆ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಿಂದ ಜಾರಿಯಲ್ಲಿದೆ. ‘ಮಾನಸಿಕ ಆರೋಗ್ಯ ವೃತ್ತಿಪರ’ ಯಾರು ಎಂದು ಅದು ವ್ಯಾಖ್ಯಾನ ಕೊಟ್ಟಿದೆ.

ಮನೋವೈದ್ಯರು: ಎಂಬಿಬಿಎಸ್ ಮುಗಿಸಿ, ಅದರ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿಗೆ ಇನ್ನು ಮೂರು ವರ್ಷ. ನಮ್ಮ ರಾಜ್ಯದಲ್ಲಿ ಇವರ ನೋಂದಣಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಇರುತ್ತದೆ. ಮಾನಸಿಕ ಕಾಯಿಲೆಗೆ ಔಷಧ ಬರೆಯುವ ಅಧಿಕಾರ ವೈದ್ಯರಿಗೆ ಮಾತ್ರ. ಸೈಕಾಲಜಿಸ್ಟ್ ಆಗಲಿ ಕೌನ್ಸೆಲರ್ ಆಗಲಿ ಮಾತ್ರೆ ಬರೆದುಕೊಟ್ಟರೆ ಅಲ್ಲಿಗೇ ಅನುಮಾನಪಡಿ.

ಕ್ಲಿನಿಕಲ್ ಸೈಕಾಲಜಿಸ್ಟ್: ಮನಃಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್ಸಿ ಆದಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್, ಅಥವಾ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಬೇರೆ ಕ್ಲಿನಿಕಲ್ ಸೈಕಾಲಜಿ ಅರ್ಹತೆ ಪಡೆದವರು. ಎಂಫಿಲ್‌ನ ಎರಡು ವರ್ಷವೂ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿ ಕಲಿಯಬೇಕು. ಮೂರು ವರ್ಷದ ಪದವಿಯಿಂದ ಲೆಕ್ಕ ಹಾಕಿದರೆ ಒಟ್ಟು ಏಳು ವರ್ಷದ ಓದು. ಇವರ ಹೆಸರು ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿರಬೇಕು. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಪುನರ್ವಸತಿ ವೃತ್ತಿಪರರಾಗಿ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅಂದರೆ ಎಂಎಸ್‌ಡಬ್ಲ್ಯು, ಆದಮೇಲೆ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎರಡು ವರ್ಷದ ಎಂಫಿಲ್ ಮಾಡಿದವರು. ಮನೆಯವರ ಜೊತೆ ಕೆಲಸ ಮಾಡುವುದೇ ಇವರ ಕಲಿಕೆಯ ತಿರುಳು. ದೊಡ್ಡ ಆಸ್ಪತ್ರೆಗಳಲ್ಲಿ ಕುಟುಂಬ ಚಿಕಿತ್ಸೆಯ ಹೊಣೆ ಅನೇಕ ವೇಳೆ ಇವರ ಹೆಗಲ ಮೇಲೇ ಇರುತ್ತದೆ. ಹಾಗಿದ್ದೂ ಈ ವೃತ್ತಿಯ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ.

ಮಾನಸಿಕ ಆರೋಗ್ಯ ನರ್ಸ್: ಮಾನ್ಯತೆ ಪಡೆದ ನರ್ಸಿಂಗ್ ಅರ್ಹತೆಯ ಜೊತೆಗೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಇರುವವರು.

ಆಯುರ್ವೇದ, ಹೋಮಿಯೋಪಥಿ, ಯುನಾನಿ, ಸಿದ್ಧ ಪದ್ಧತಿಗಳಲ್ಲಿ ಮಾನಸಿಕ ರೋಗಗಳ ಬಗ್ಗೆಯೇ ಸ್ನಾತಕೋತ್ತರ ಪದವಿ ಪಡೆದ ವೈದ್ಯರನ್ನೂ ಕಾಯ್ದೆ ಮಾನಸಿಕ ಆರೋಗ್ಯ ವೃತ್ತಿಪರರೆಂದು ಒಪ್ಪುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಮತ್ತು ನರ್ಸ್‌ಗಳನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ನೋಂದಾಯಿಸಿ ಪಟ್ಟಿ ಪ್ರಕಟಿಸಬೇಕು ಎನ್ನುತ್ತದೆ ಕಾಯ್ದೆಯ 55ನೇ ಸೆಕ್ಷನ್.

ಈ ಇಡೀ ಪಟ್ಟಿಯಲ್ಲಿ ‘ಫ್ಯಾಮಿಲಿ ಥೆರಪಿಸ್ಟ್’, ‘ಮ್ಯಾರೇಜ್ ಕೌನ್ಸೆಲರ್’, ‘ರಿಲೇಶನ್‌ಶಿಪ್ ಕೋಚ್’, ‘ಲೈಫ್ ಕೋಚ್’ ಎಂಬ ಪದಗಳು ಎಲ್ಲೂ ಇಲ್ಲ.

ಹಾಗಾದರೆ ಬೋರ್ಡ್ ಹಾಕಿಕೊಳ್ಳುವುದು ತಪ್ಪಲ್ಲವೇ?

ಗೊಂದಲ ಇರುವುದು ಇಲ್ಲೇ. ಎಂಬಿಬಿಎಸ್ ಓದದೆ ‘ಮನೋವೈದ್ಯ’ ಎಂದು ಬೋರ್ಡ್ ಹಾಕಿದರೆ ಅದು ಅಪರಾಧ. ಆದರೆ ‘ಕೌನ್ಸೆಲರ್’ ಎಂಬ ಪದಕ್ಕೆ ಅಂಥ ಬೇಲಿ ಇದುವರೆಗೆ ಇರಲಿಲ್ಲ. 2017ರ ಕಾಯ್ದೆ ನೋಂದಣಿ ಕಡ್ಡಾಯ ಮಾಡಿರುವುದು ರೋಗಿಗಳನ್ನು ಒಳಗೆ ಇಟ್ಟುಕೊಂಡು ಆರೈಕೆ ಮಾಡುವ ಸಂಸ್ಥೆಗಳಿಗೆ. ಒಂದು ಕೋಣೆ ಬಾಡಿಗೆಗೆ ಹಿಡಿದು, ಎರಡು ಕುರ್ಚಿ ಹಾಕಿ, ಮಾತಿನ ಸಮಾಲೋಚನೆ ಮಾಡುವವರು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಅಮೆರಿಕದಲ್ಲಿ ಹೀಗಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1963ರಲ್ಲೇ ಮದುವೆ ಮತ್ತು ಕುಟುಂಬ ಸಮಾಲೋಚಕರಿಗೆ ಲೈಸೆನ್ಸ್ ತಂದಿತು. ಈಗ ಅಲ್ಲಿನ ಐವತ್ತೂ ರಾಜ್ಯಗಳಲ್ಲಿ ಈ ವೃತ್ತಿಗೆ ಪ್ರತ್ಯೇಕ ಲೈಸೆನ್ಸ್ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸ್ನಾತಕೋತ್ತರ ಪದವಿ ಸಾಲದು, 3,000 ಗಂಟೆ ಮೇಲ್ವಿಚಾರಣೆಯ ಕೆಲಸ ಮಾಡಿ ಪರೀಕ್ಷೆಯನ್ನೂ ಪಾಸಾಗಬೇಕು. ಇಂಗ್ಲೆಂಡಿನಲ್ಲಿ ಪರಿಸ್ಥಿತಿ ನಮ್ಮದಕ್ಕೆ ಹತ್ತಿರ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಪದಕ್ಕೆ ಅಲ್ಲಿ ಕಾನೂನಿನ ರಕ್ಷಣೆ ಇದೆ, ‘ಕೌನ್ಸೆಲರ್’, ‘ಸೈಕೋಥೆರಪಿಸ್ಟ್’ ಪದಗಳಿಗೆ ಇಲ್ಲ. ಹಾಗಾಗಿ ಅಮೆರಿಕದಲ್ಲಿರುವ ನಿಮ್ಮ ನೆಂಟರು ‘ಲೈಸೆನ್ಸ್ಡ್ ಫ್ಯಾಮಿಲಿ ಥೆರಪಿಸ್ಟ್ ಹತ್ತಿರ ಹೋಗಿ’ ಎಂದರೆ ಅವರು ಹೇಳುತ್ತಿರುವುದು ಅಲ್ಲಿನ ವ್ಯವಸ್ಥೆಯ ಬಗ್ಗೆ. ಹಾಸನದಲ್ಲಿ ಆ ಹೆಸರಿನ ಲೈಸೆನ್ಸ್ ಹುಡುಕಿದರೆ ಸಿಗುವುದಿಲ್ಲ.

‘ಮಾನ್ಯತೆ’ ಎಂದು ತೋರಿಸುವ ಕಾಗದಗಳು

ಜಾಹೀರಾತುಗಳಲ್ಲಿ ಕಾಣುವ ‘ಮಾನ್ಯತೆ’ಗಳಲ್ಲಿ ಕೆಲವನ್ನು ಬಿಡಿಸಿ ನೋಡೋಣ.

ಟ್ರಸ್ಟ್ ಅಥವಾ ಸಂಘದ ನೋಂದಣಿ ಸಂಖ್ಯೆ: ಆ ಸಂಸ್ಥೆ ಕಾಗದದ ಮೇಲೆ ಇದೆ ಎನ್ನುವುದಕ್ಕಷ್ಟೇ ಸಾಕ್ಷಿ. ಅಲ್ಲಿ ಕೂತವರಿಗೆ ಚಿಕಿತ್ಸೆ ಕೊಡಲು ಬರುತ್ತದೆ ಎಂದು ಅರ್ಥವಲ್ಲ.

ಉದ್ಯಮ ನೋಂದಣಿ, ಜಿಎಸ್‌ಟಿ, ಐಎಸ್ಒ: ಇವು ವ್ಯಾಪಾರ ಮತ್ತು ನಿರ್ವಹಣೆಗೆ ಸಂಬಂಧಿಸಿದವು. ದಿನಸಿ ಅಂಗಡಿಗೂ ಇರಬಹುದು.

ಹೆಸರಿನ ಹಿಂದೆ ‘ಡಾ.’: ಪಿಎಚ್‌ಡಿ ಮಾಡಿದವರೂ ಡಾಕ್ಟರೇ, ಗೌರವ ಡಾಕ್ಟರೇಟ್ ಪಡೆದವರೂ ಹಾಕಿಕೊಳ್ಳುತ್ತಾರೆ. ‘ಯಾವ ವಿಷಯದಲ್ಲಿ ಡಾಕ್ಟರ್’ ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ.

ಆರ್‌ಸಿಐ ಸಂಖ್ಯೆ: ಇದು ನಿಜವಾದ ನೋಂದಣಿ. ಆದರೂ ಒಂದು ಹೆಜ್ಜೆ ಮುಂದೆ ನೋಡಬೇಕು. ಆರ್‌ಸಿಐ 16 ವರ್ಗದ ವೃತ್ತಿಪರರನ್ನು ನೋಂದಾಯಿಸುತ್ತದೆ. ವಿಶೇಷ ಶಿಕ್ಷಕರು, ಶ್ರವಣ ಮತ್ತು ವಾಕ್ ತಜ್ಞರು, ಕೃತಕ ಕೈಕಾಲು ತಯಾರಿಸುವವರು ಎಲ್ಲ ಅದರಲ್ಲಿದ್ದಾರೆ. ಸಂಖ್ಯೆ ಇದ್ದ ಮಾತ್ರಕ್ಕೆ ಆತ ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ. ವರ್ಗ ಯಾವುದು, ನೋಂದಣಿ ಈಗಲೂ ಚಾಲ್ತಿಯಲ್ಲಿದೆಯೇ ಎಂದು ಆರ್‌ಸಿಐ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ.

ಡಿಪ್ಲೊಮಾ, ಸರ್ಟಿಫಿಕೇಟ್: ವಾರಾಂತ್ಯದ ಆನ್‌ಲೈನ್ ಕೋರ್ಸಿನಿಂದ ಹಿಡಿದು ಒಂದು ವರ್ಷದ ಗಂಭೀರ ತರಬೇತಿಯವರೆಗೆ ಎಲ್ಲಕ್ಕೂ ಇದೇ ಹೆಸರು. ‘ಎಷ್ಟು ಗಂಟೆ ತರಬೇತಿ, ಅದರಲ್ಲಿ ಎಷ್ಟು ಹೊತ್ತು ನಿಜವಾದ ಕುಟುಂಬಗಳ ಜೊತೆ, ತಿದ್ದುವವರು ಯಾರಿದ್ದರು’ ಎಂದು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ನಿಯಮ ಬದಲಾಗುತ್ತಿದೆ

ಮೇಲೆ ಹೇಳಿದ ಬೇಲಿ ಇಲ್ಲದ ಸ್ಥಿತಿಯನ್ನು ಸರಿಪಡಿಸಲು ಸಂಸತ್ತು 2021ರಲ್ಲಿ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆ ತಂದಿತು. ಅದರ ಅನುಸೂಚಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನದ ಅಡಿ ಮನಃಶಾಸ್ತ್ರಜ್ಞರು, ಆರೋಗ್ಯ ಸಮಾಲೋಚಕರು, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಇದ್ದಾರೆ. ಈ ಕಾಯ್ದೆಯಡಿ ‘ಆರೋಗ್ಯ ಸೇವಾ ವೃತ್ತಿಪರ’ ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಬೇಕು, ‘ಸಹಾಯಕ ವೃತ್ತಿಪರ’ ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆ. ವಾರಾಂತ್ಯದ ಕೋರ್ಸು ಇದರ ಹತ್ತಿರಕ್ಕೂ ಬರುವುದಿಲ್ಲ. ಕಾಯ್ದೆಯಡಿ ನೋಂದಣಿಯಾಗದೆ ನೋಂದಾಯಿತ ಎಂದು ಹೇಳಿಕೊಳ್ಳುವುದು ಅಪರಾಧ.

ಇಲ್ಲೂ ‘ಫ್ಯಾಮಿಲಿ ಥೆರಪಿಸ್ಟ್’ ಎಂಬ ಪದವಿಲ್ಲ. ಅನುಸೂಚಿಯಲ್ಲಿ ‘ಕುಟುಂಬ ಯೋಜನಾ ಸಮಾಲೋಚಕ’ ಎಂದಿದೆ. ಅವರು ಸಂತಾನ ನಿಯಂತ್ರಣದ ಬಗ್ಗೆ ತಿಳಿಸುವವರು, ಕೌಟುಂಬಿಕ ಚಿಕಿತ್ಸಕರಲ್ಲ. ಎರಡನ್ನೂ ಬೆರೆಸಿ ‘ಕೇಂದ್ರದ ಕಾಯ್ದೆಯಲ್ಲೇ ನಮ್ಮ ಹೆಸರಿದೆ’ ಎಂದರೆ ನಂಬಬೇಡಿ.

ಇದೇ ಕಾಯ್ದೆಯ ಕಾರಣ ಕೊಟ್ಟು 2025ರಲ್ಲಿ ಯುಜಿಸಿ, ಮನಃಶಾಸ್ತ್ರ ಸೇರಿದಂತೆ ಕೆಲವು ವಿಷಯಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವುದನ್ನು ಆ ವರ್ಷದ ಜುಲೈ–ಆಗಸ್ಟ್ ಅವಧಿಯಿಂದ ನಿಲ್ಲಿಸುವಂತೆ ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಎಂಫಿಲ್ ಪದವಿಯನ್ನು ದೇಶದಲ್ಲಿ ಕೈಬಿಟ್ಟಿದ್ದರೂ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ 2025–26ರ ಸಾಲಿನವರೆಗೆ ವಿನಾಯಿತಿ ಸಿಕ್ಕಿತ್ತು. ಮುಂದೆ ಬರುವವರ ಹೆಸರಿನ ಮುಂದೆ ಎಂಫಿಲ್ ಬದಲು ಬೇರೆ ಪದವಿ ಕಾಣಬಹುದು. ಅದರಿಂದಲೇ ಅನುಮಾನ ಬೇಡ, ನೋಂದಣಿ ನೋಡಿ. ಮನೆಯ ಮಕ್ಕಳು ಪಿಯುಸಿ ಮುಗಿಸಿ ‘ಕೌನ್ಸೆಲರ್ ಆಗ್ತೀನಿ’ ಎನ್ನುತ್ತಿದ್ದರೆ, ಶುಲ್ಕ ಕಟ್ಟುವ ಮೊದಲೇ ಆ ಕೋರ್ಸಿಗೆ ಮುಂದೆ ಯಾವ ಪರಿಷತ್ತು ನೋಂದಣಿ ಕೊಡುತ್ತದೆ ಎಂದು ವಿಚಾರಿಸಿ.

ಲೈಸೆನ್ಸ್ ಇದ್ದರೆ ಮುಗಿಯಿತೇ?

ಇಲ್ಲ. ಎಂಬಿಬಿಎಸ್ ಆದವರೆಲ್ಲ ಹೃದಯದ ಆಪರೇಷನ್ ಮಾಡುವುದಿಲ್ಲವಷ್ಟೆ. ಒಬ್ಬರ ಜೊತೆ ಕೂತು ಮಾತಾಡುವುದು ಬೇರೆ, ಒಬ್ಬರಿಗೊಬ್ಬರು ಮುಖ ಕೊಡದ ಐದು ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸುವುದು ಬೇರೆ. ಅದಕ್ಕೆ ಪ್ರತ್ಯೇಕ ಕಲಿಕೆ ಬೇಕು.

ಈ ಕಲಿಕೆಯ ದೊಡ್ಡ ಕೇಂದ್ರವೊಂದು ನಮ್ಮ ರಾಜ್ಯದಲ್ಲೇ ಇದೆ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಸೇರಿ 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಯಿತು. ಅದೇ ದಶಕದಲ್ಲಿ ಅಲ್ಲಿ ಕುಟುಂಬ ಮನೋವೈದ್ಯಕೀಯ ವಿಭಾಗ ಶುರುವಾಯಿತು. ಅದಕ್ಕೂ ಮೊದಲೇ, 1950ರ ದಶಕದಲ್ಲಿ, ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಜೊತೆಗೇ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿಕೊಂಡಿದ್ದರು. ನಿಮ್ಹಾನ್ಸ್‌ನ ಕೇಂದ್ರದಲ್ಲಿ ಮನೋವೈದ್ಯರು, ಸೈಕಾಲಜಿಸ್ಟರು, ಸಮಾಜ ಕಾರ್ಯಕರ್ತರು ಜೊತೆಯಾಗಿ ಕೆಲಸ ಮಾಡುತ್ತಾರೆ. ಬೇರೆ ಬೇರೆ ವೃತ್ತಿಯವರು ತಮ್ಮ ತಮ್ಮ ನೋಂದಣಿ ಇಟ್ಟುಕೊಂಡು ಒಂದೇ ವಿದ್ಯೆಯನ್ನು ಕಲಿಯುವುದು ಹೀಗೆ.

ತಪ್ಪು ಕೈಗೆ ಹೋದರೆ ಏನಾಗುತ್ತದೆ?

ಮೂರು ಮನೆ ಕಲ್ಪಿಸಿಕೊಳ್ಳಿ.

ಒಂದು, ಅರಕಲಗೂಡು ಕಡೆಯ ಹೊಗೆಸೊಪ್ಪು ಬೆಳೆಗಾರರ ಮನೆ. ವರ್ಷಗಟ್ಟಲೆಯಿಂದ ಯಜಮಾನರು ಬೆಳಗ್ಗೆಯಿಂದಲೇ ಕುಡಿಯುತ್ತಾರೆ. ‘ಥೆರಪಿಸ್ಟ್’ ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸಿ ಇಂದಿನಿಂದ ಒಂದು ತೊಟ್ಟೂ ಬೇಡ ಎನ್ನುತ್ತಾರೆ. ಮೇಲ್ನೋಟಕ್ಕೆ ಒಳ್ಳೆಯ ಮಾತು. ಆದರೆ ವಿಪರೀತ ಕುಡಿಯುವವರು ಏಕಾಏಕಿ ಬಿಟ್ಟರೆ ಎರಡು ಮೂರು ದಿನದೊಳಗೆ ಕೈ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾ ಇಲ್ಲದೆ ಇದನ್ನು ಮಾಡಬಾರದು. ತರಬೇತಿ ಪಡೆದವರು ಮೊದಲು ಎಷ್ಟು ಕುಡಿಯುತ್ತೀರಿ, ಹಿಂದೆ ಬಿಟ್ಟಾಗ ಏನಾಗಿತ್ತು ಎಂದು ಕೇಳಿ ಆಸ್ಪತ್ರೆಗೆ ಕಳಿಸುತ್ತಾರೆ.

ಎರಡು, ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆ. ಹೆರಿಗೆಯಾಗಿ ಮೂರು ವಾರ. ಬಾಣಂತಿ ನಿದ್ದೆ ಮಾಡುತ್ತಿಲ್ಲ, ಮಗುವನ್ನು ಎತ್ತಿಕೊಳ್ಳುತ್ತಿಲ್ಲ, ‘ಮಗುವಿಗೆ ಯಾರೋ ಏನೋ ಮಾಡಿದ್ದಾರೆ’ ಎನ್ನುತ್ತಾಳೆ. ಇದನ್ನು ಅತ್ತೆ–ಸೊಸೆ ಹೊಂದಾಣಿಕೆಯ ಸಮಸ್ಯೆ ಎಂದು ಮೂರು ಸಿಟ್ಟಿಂಗ್ ನಡೆಸಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಹೆರಿಗೆಯ ನಂತರದ ತೀವ್ರ ಮಾನಸಿಕ ಕಾಯಿಲೆ ತುರ್ತು ಸ್ಥಿತಿ, ಔಷಧದಿಂದ ವಾಸಿಯಾಗುವಂಥದ್ದು.

ಮೂರು, ಯಾವ ಊರಿನಲ್ಲಾದರೂ ಇರಬಹುದಾದ ಮನೆ. ಗಂಡ ಹೊಡೆಯುತ್ತಾನೆ. ಇಬ್ಬರನ್ನೂ ಎದುರುಬದುರು ಕೂರಿಸಿ ‘ಮನಸ್ಸಿನಲ್ಲಿರುವುದನ್ನೆಲ್ಲ ಹೇಳಮ್ಮ’ ಎನ್ನುತ್ತಾರೆ. ಆಕೆ ಹೇಳುತ್ತಾಳೆ. ಆ ಮಾತಿನ ಲೆಕ್ಕ ರಾತ್ರಿ ಮನೆಯಲ್ಲಿ ಚುಕ್ತಾ ಆಗುತ್ತದೆ. ಹಿಂಸೆ ನಡೆಯುತ್ತಿರುವಾಗ ಜೋಡಿಯಾಗಿ ಕೂರಿಸುವ ಮೊದಲು ಒಬ್ಬೊಬ್ಬರನ್ನೇ ಮಾತಾಡಿಸಿ ಸುರಕ್ಷತೆ ನೋಡಬೇಕು ಎನ್ನುವುದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ನ್ಯಾಯಾಲಯ ಸಮಾಲೋಚನೆಗೆ ಕಳಿಸಬಹುದು. ಆದರೆ ಹೊಡೆದದ್ದಕ್ಕೆ ಸಮರ್ಥನೆ ಕೊಡಲು ಅಲ್ಲಿ ಅವಕಾಶವಿಲ್ಲ ಎಂದು ಅದರ ನಿಯಮಗಳೇ ಹೇಳುತ್ತವೆ.

ಮೂರೂ ಮನೆಯಲ್ಲಿ ಹೊರಗೆ ಕಾಣುವುದು ‘ಜಗಳ’. ಒಳಗಿರುವುದು ಬೇರೆ. ಆ ಬೇರೆಯದನ್ನು ಗುರುತಿಸಿ, ತನ್ನ ಕೈಲಾಗದ್ದನ್ನು ಸರಿಯಾದ ಕಡೆ ಕಳಿಸುವುದನ್ನು ಕಲಿಸುವುದಕ್ಕೇ ಅಷ್ಟು ವರ್ಷದ ತರಬೇತಿ.

ಹಾಸನ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬಹುದು?

‘ಎಲ್ಲದಕ್ಕೂ ಬೆಂಗಳೂರಿಗೆ ಹೋಗಲು ಆಗುತ್ತದೆಯೇ’ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಇತ್ತು. ಕಾಯಿಲೆಗೆ ತಕ್ಕಂತೆ ಅವರಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಲೈಸೆನ್ಸ್ ಇರುವವರು ಕಡಿಮೆ ಇರುವ ಕಡೆ ಲೈಸೆನ್ಸ್ ಇಲ್ಲದವರ ಬೋರ್ಡು ಹೆಚ್ಚಾಗುವುದು ಸಹಜ. ಆದರೂ ದಾರಿ ಇಲ್ಲದಿಲ್ಲ.

ತಾಲ್ಲೂಕು ಆಸ್ಪತ್ರೆ: ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರ ಸೇವೆ ತಲುಪಿಸುವ ವ್ಯವಸ್ಥೆ ಇದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ತಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆ ಎಂದು ಮೊದಲೇ ಅಲ್ಲೇ ವಿಚಾರಿಸಿ ಹೋಗಿ. ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು.

ಹಾಸನ ನಗರ: ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ, ಅಂದರೆ ಹಿಮ್ಸ್‌ನ, ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾರ್ಗಸೂಚಿಯಂತೆ ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತ, ನರ್ಸ್ ಹುದ್ದೆಗಳೂ ಇವೆ. ‘ಮನೆಯವರನ್ನೂ ಕೂರಿಸಿ ಮಾತಾಡುವವರು ಇದ್ದಾರೆಯೇ’ ಎಂದು ನೇರವಾಗಿ ಕೇಳಿ.

ಫೋನ್: ಟೆಲಿ ಮನಸ್ ಸಹಾಯವಾಣಿ 14416. ಇದು 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಉಚಿತ ಸೇವೆ. ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಆತ್ಮಹತ್ಯೆಯ ಮಾತು ಮನೆಯಲ್ಲಿ ಬರುತ್ತಿದ್ದರೆ ಕಾಯಬೇಡಿ.

ಹಿಂಸೆ ಇದ್ದರೆ: ಮಹಿಳಾ ಸಹಾಯವಾಣಿ 181, ತುರ್ತಾಗಿದ್ದರೆ 112. ಉಚಿತ ಕಾನೂನು ನೆರವಿಗೆ 15100, ಅಥವಾ ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿ. ನೆನಪಿಡಿ, ನ್ಯಾಯಾಲಯದ ಮಧ್ಯಸ್ಥಗಾರರು ಮಾಡುವುದು ವ್ಯಾಜ್ಯದ ಇತ್ಯರ್ಥ. ಅದು ಉಪಯುಕ್ತ, ಆದರೆ ಚಿಕಿತ್ಸೆಯಲ್ಲ.

ನೋಂದಣಿ ಇಲ್ಲದವರೆಲ್ಲ ಮೋಸಗಾರರೇ?

ಖಂಡಿತ ಅಲ್ಲ. ಎಂಎಸ್‌ಡಬ್ಲ್ಯು ಅಥವಾ ಮನಃಶಾಸ್ತ್ರದಲ್ಲಿ ಎಂಎ ಮಾಡಿ ಶಾಲೆ, ಸಂಘಸಂಸ್ಥೆ, ಮಹಿಳಾ ಕೇಂದ್ರಗಳಲ್ಲಿ ಪ್ರಾಮಾಣಿಕವಾಗಿ ದುಡಿಯುವ ಆಪ್ತಸಮಾಲೋಚಕರು ಬಹಳ ಇದ್ದಾರೆ. ಕೇಳಿಸಿಕೊಳ್ಳುವುದು, ಧೈರ್ಯ ತುಂಬುವುದು, ಸರಿಯಾದ ಕಡೆ ಕಳಿಸುವುದು ಅವರು ಚೆನ್ನಾಗಿ ಮಾಡುವ ಕೆಲಸ. ಅಂಥವರನ್ನು ಗುರುತಿಸುವುದೂ ಸುಲಭ. ತಮ್ಮ ಓದನ್ನು ಇದ್ದಷ್ಟೇ ಹೇಳುತ್ತಾರೆ. ‘ಇದು ನನ್ನ ಮಿತಿ, ಇಲ್ಲಿಂದ ಮುಂದೆ ಡಾಕ್ಟರನ್ನು ನೋಡಿ’ ಎನ್ನುತ್ತಾರೆ. ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಎನ್ನುವುದಿಲ್ಲ. ಮೂರು ಸಿಟ್ಟಿಂಗಿನ ಗ್ಯಾರಂಟಿ ಕೊಡುವುದಿಲ್ಲ.

ನಮ್ಮಂಥ ಊರುಗಳಲ್ಲಿ ಇನ್ನೊಂದು ಕಷ್ಟ ಇದೆ. ಎಲ್ಲರೂ ಎಲ್ಲರಿಗೂ ಯಾವುದೋ ಬಳಗ. ಸಮಾಲೋಚಕರು ಹುಡುಗನ ಕಡೆಯವರಿಗೆ ದೂರದ ನೆಂಟರಾಗಿರಬಹುದು, ಹುಡುಗಿಯ ತಂದೆಗೆ ಸ್ನೇಹಿತರಾಗಿರಬಹುದು. ಮಾನಸಿಕ ಕಾಯಿಲೆ ಇರುವವರ ವಿವರಗಳನ್ನು ಗುಟ್ಟಾಗಿಡುವುದು 2017ರ ಕಾಯ್ದೆಯ 23ನೇ ಸೆಕ್ಷನ್ ಕೊಟ್ಟ ಹಕ್ಕು. ನೋಂದಾಯಿತ ವೃತ್ತಿಪರರು ಇದನ್ನು ಮುರಿದರೆ ಅವರ ಪರಿಷತ್ತಿಗೆ ದೂರು ಕೊಡಬಹುದು. ನೋಂದಣಿಯೇ ಇಲ್ಲದವರ ಮೇಲೆ ದೂರು ಕೊಡಲು ಅಂಥ ಪರಿಷತ್ತೇ ಇರುವುದಿಲ್ಲ. ಲೈಸೆನ್ಸ್ ಇದ್ದವರು ತಪ್ಪೇ ಮಾಡುವುದಿಲ್ಲ ಎಂದಲ್ಲ. ತಪ್ಪಾದಾಗ ಕೇಳುವವರು ಇರುತ್ತಾರೆ ಎನ್ನುವುದೇ ಲೈಸೆನ್ಸಿನ ನಿಜವಾದ ಬೆಲೆ.

ಮೊದಲ ಭೇಟಿಯಲ್ಲೇ ಕೇಳಬೇಕಾದ ಐದು ಪ್ರಶ್ನೆಗಳು

1. ನಿಮ್ಮ ಮೂಲ ವೃತ್ತಿ ಯಾವುದು, ಎಷ್ಟು ವರ್ಷ ಓದಿದ್ದೀರಿ?
2. ಯಾವ ಪರಿಷತ್ತಿನಲ್ಲಿ, ಯಾವ ವರ್ಗದಲ್ಲಿ ನೋಂದಣಿ? ಸಂಖ್ಯೆ ಕೊಡುತ್ತೀರಾ?
3. ಕುಟುಂಬಗಳ ಜೊತೆ ಕೆಲಸ ಮಾಡಲು ಎಲ್ಲಿ, ಯಾರ ಕೈಕೆಳಗೆ ಕಲಿತಿರಿ?
4. ಒಬ್ಬರು ಒಂಟಿಯಾಗಿ ಹೇಳಿದ್ದನ್ನು ಮನೆಯ ಉಳಿದವರಿಗೆ ಹೇಳುತ್ತೀರಾ? ನಿಮ್ಮ ನಿಯಮ ಏನು?
5. ಔಷಧ ಬೇಕಾದರೆ, ಹಿಂಸೆ ಇದ್ದರೆ ನಮ್ಮನ್ನು ಎಲ್ಲಿಗೆ ಕಳಿಸುತ್ತೀರಿ?

ಬಲ್ಲವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಕೇಳಿದಿರೆಂದು ಸಂತೋಷವೇ ಪಡುತ್ತಾರೆ. ಸಿಡುಕಿದರೆ, ಮಾತು ತಿರುಗಿಸಿದರೆ, ‘ನಂಬಿಕೆ ಇಲ್ಲದಿದ್ದರೆ ಬರಬೇಡಿ’ ಎಂದರೆ ನಿಮಗೆ ಉತ್ತರ ಸಿಕ್ಕ ಹಾಗೆಯೇ.

ತೀರ್ಮಾನ

‘ಸರ್ಕಾರಿ ಮಾನ್ಯತೆ ಪಡೆದ ಫ್ಯಾಮಿಲಿ ಥೆರಪಿಸ್ಟ್’ ಎಂಬ ಹೇಳಿಕೆ ದಾರಿ ತಪ್ಪಿಸುವಂಥದ್ದು. ಆ ಹೆಸರಿನ ಲೈಸೆನ್ಸನ್ನು ಭಾರತದಲ್ಲಿ ಯಾವ ಪರಿಷತ್ತೂ ಕೊಡುವುದಿಲ್ಲ. ಕುಟುಂಬ ಚಿಕಿತ್ಸೆ ಮಾತ್ರ ನಿಜ, ಅದನ್ನು ಕಲಿತ ನೋಂದಾಯಿತ ವೃತ್ತಿಪರರೂ ನಿಜ. ಆ ಜಾಹೀರಾತು ನಿಮ್ಮ ಗ್ರೂಪಿಗೆ ಮತ್ತೆ ಬಂದರೆ ಕಳಿಸಿದವರನ್ನು ಬೈಯಬೇಡಿ. ಅದರ ಕೆಳಗೆ ಮೇಲಿನ ಐದು ಪ್ರಶ್ನೆಗಳನ್ನೂ 14416 ಸಂಖ್ಯೆಯನ್ನೂ ಹಾಕಿ. ಯಾರಿಗೂ ಹೇಳಿಕೊಳ್ಳಲಾಗದೆ ಆ ಗ್ರೂಪಿನಲ್ಲಿ ಸುಮ್ಮನೆ ಓದುತ್ತಿರುವ ಒಬ್ಬರಿಗಾದರೂ ಅದು ಬೇಕಾಗಿರಬಹುದು.